ಬಾಲ್ಕನಿಗೆ ಬಂದ ನಾಟಿ ಅವರೆ

ಅವರೆಕಾಯಿ ಈಗ ಮಾಗಿಗೆ ಕಾಯುವ ತರಕಾರಿಯಾಗಿ ಉಳಿದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆ 3, 4ರಂಥ ತಳಿಗಳು ಹಗಲಿನ ಉದ್ದ ಲೆಕ್ಕಿಸದೆ ಹೂ ಬಿಡುತ್ತವೆ. ರೈತರಿಗೆ ಅದರಿಂದ ಅನುಕೂಲವೇ ಆಗಿದೆ. ನಮ್ಮ ನಾಟಿ ಅವರೆ ಮಾತ್ರ ಹಠಮಾರಿ. ನೀವು ಎಷ್ಟೇ ಬೇಗ ಬಿತ್ತಿ, ಹಗಲು ಗಿಡ್ಡವಾಗಿ ಇರುಳು ಉದ್ದವಾಗುವ ತನಕ ಅದು ಹೂ ಕಟ್ಟುವುದಿಲ್ಲ. ಅದಕ್ಕೇ ರಾಗಿ ಹೊಲದ ಅಕ್ಕಡಿಸಾಲಿನಲ್ಲಿ ಬಿತ್ತುತ್ತಿದ್ದರು. ರಾಗಿ ಕೊಯ್ಲಾದ ಮೇಲೆ ಇಬ್ಬನಿ ಬೀಳುವ ಹೊತ್ತಿಗೆ ಕಾಯಿ. ಬಿಡಿಸುವಾಗ ಕೈಗೆ ಅಂಟುವ ಎಣ್ಣೆಯಂಥ ಜಿಡ್ಡೇ ಸೊಗಡು. ನನ್ನ ಮೂಗಿಗಂತೂ ಹೊಸ ತಳಿಗಳಲ್ಲಿ ಅದು ಸಾಲದು.

ಮಾಗಡಿ ಕಡೆಯ ನಮ್ಮೂರಲ್ಲಿ ಅಮ್ಮ ಡಬ್ಬಿಯಲ್ಲಿ ಬೂದಿ ಬೆರೆಸಿಟ್ಟಿದ್ದ ಬೀಜ ಮುಗಿದರೆ ಈಗ ಕೇಳಿ ತರಲು ಅಕ್ಕಪಕ್ಕದಲ್ಲಿ ಯಾರೂ ಬೆಳೆಯುತ್ತಿಲ್ಲ. ಡಬ್ಬಿಯಲ್ಲಿ ಇಟ್ಟಷ್ಟೂ ಮೊಳಕೆ ಇಳಿಯುತ್ತದೆ, ಬಿತ್ತುತ್ತಲೇ ಇರಬೇಕು. ಹಾಗಾಗಿ ನಾಲ್ಕು ವರ್ಷದ ಹಿಂದೆ ಒಂದು ಹಿಡಿ ಪುಣೆಗೆ ತಂದೆ.

ಜುಲೈ ಕೊನೆಗೆ ಬಿತ್ತುತ್ತೇನೆ. ಹದಿನೈದು ಇಂಚಿನ ಕುಂಡಕ್ಕೆ ಎರಡು ಬೀಜ ಸಾಕು. ಗೊಬ್ಬರದಲ್ಲಿ ಧಾರಾಳತನ ಬೇಡ. ಬೇರಿನ ಗಂಟುಗಳೇ ಗಾಳಿಯ ಸಾರಜನಕ ಹಿಡಿದುಕೊಡುತ್ತವೆ, ಮೇಲೆ ಸುರಿದರೆ ಬರೀ ಸೊಪ್ಪು. ಬಳ್ಳಿ ಗ್ರಿಲ್ ಹಿಡಿದು ಹಬ್ಬುತ್ತದೆ. ನಗರದಲ್ಲಿ ಒಂದು ವಿಚಿತ್ರ ತೊಡಕಿದೆ: ಬೆಳಕು. ಇಂಥ ಗಿಡಕ್ಕೆ ಕತ್ತಲೆಯೇ ಗಡಿಯಾರ. ಬೀದಿದೀಪ ರಾತ್ರಿಯಿಡೀ ಬೀಳುವ ಮೂಲೆಯ ಬಳ್ಳಿ ಉಳಿದವುಗಳಿಗಿಂತ ತಡವಾಗಿ ಹೂ ಬಿಟ್ಟಿತು. ಈಗ ಅಕ್ಟೋಬರ್ ಬಂತೆಂದರೆ ಆ ಕಡೆಗೆ ಹಳೆಯ ಚಾದರ ಕಟ್ಟುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಚಳಿಗೆ ಕುಡಿಗಳಲ್ಲಿ ಕಪ್ಪು ಹೇನು ಮುತ್ತುತ್ತದೆ. ಮೊದಲು ನೀರು ರಭಸವಾಗಿ ಹೊಡೆಯಬೇಕು. ಮರುದಿನ ಬೆಳಿಗ್ಗೆ ಎಲೆ ಒದ್ದೆ ಇರುವಾಗಲೇ ಬೂದಿ ಉದುರಿಸಬೇಕು. ಫ್ಲ್ಯಾಟಿನಲ್ಲಿ ಬೂದಿ ಎಲ್ಲಿ? ಕೆಳಗಿನ ಇಸ್ತ್ರಿ ಅಂಗಡಿಯ ಇದ್ದಿಲ ಬೂದಿ ನನಗೆ ಮೀಸಲು.

ಆರು ಕುಂಡದಿಂದ ಹೆಚ್ಚೇನೂ ಸಿಗುವುದಿಲ್ಲ: ಎರಡು ಸಲ ಹಿತಕಿದ ಬೇಳೆ ಸಾರು, ಒಂದು ಸಲ ಉಪ್ಪಿಟ್ಟು. ತಿನ್ನುವ ಆಸೆಗೆ ಮೊದಲೇ ಬೇಲಿ ಹಾಕಿಕೊಳ್ಳಬೇಕು. ಚೆನ್ನಾಗಿ ಬಂದ ಬಳ್ಳಿಯ ಮೊದಲ ಗೊಂಚಲುಗಳಿಗೆ ಕೆಂಪು ದಾರ ಕಟ್ಟಿಬಿಡುತ್ತೇನೆ. ಅವು ಬೀಜಕ್ಕೆ, ಬಳ್ಳಿಯಲ್ಲೇ ಒಣಗಬೇಕು. ಅವರೆ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ತಳಿ ಕೆಡುವ ಭಯ ಕಡಿಮೆ.

ಈ ಊರಿನವರಿಗೂ ಇದು ಹೊಸದಲ್ಲ. ಮರಾಠಿಯಲ್ಲಿ ವಾಲ್, ಪಾವಟಾ. ಚೆನ್ನೈಯಲ್ಲಿ ಮೊಚ್ಚೈ, ಹೈದರಾಬಾದಿನಲ್ಲಿ ಚಿಕ್ಕುಡು. ರಾಯಗಡ ಕಡೆ ಮಡಕೆಯಲ್ಲಿ ವಾಲ್ ಕಾಯಿ ತುಂಬಿ, ಭಾಂಬುರ್ಡ ಸೊಪ್ಪು ಮುಚ್ಚಿ, ಸುತ್ತ ಬೆಂಕಿ ಹಾಕಿ ‘ಪೋಪ್ಟಿ’ ಮಾಡುತ್ತಾರೆ. ನಮ್ಮ ಎದುರು ಮನೆಯ ಕಾಕು ಆ ಸೀಮೆಯವರು. ನನ್ನ ಕಾಯಿ ಮೂಸಿ, “ಇದು ನಮ್ಮ ವಾಲ್‌ಗಿಂತ ಘಮ್ಮಂತದೆ” ಎಂದು ಒಪ್ಪಿಕೊಂಡರು.

ಈ ಸಲ 140 ಬೀಜ ಕೈಗೆ ಬಂತು. ಇಪ್ಪತ್ತು ಕಾಕುಗೆ, ಇಪ್ಪತ್ತು ಚೆನ್ನೈನ ತಂಗಿಗೆ, ನಲವತ್ತು ಊರಿಗೆ. ಉಳಿದದ್ದು ಬೂದಿ ಡಬ್ಬಿಯಲ್ಲಿದೆ.