ಆಟದ ಅವಧಿಯೂ ಪಾಠವೇ

ಮಕ್ಕಳೇ, ಶಾಲೆಯ ಅಂಗಳದಲ್ಲಿ ಒಂದು ಸುತ್ತು ಓಡಿ ಬನ್ನಿರಿ. ಈಗ ಎದೆಯ ಮೇಲೆ ಕೈಯಿಟ್ಟು ನೋಡಿರಿ. ಹೃದಯವು ಬೇಗ ಬೇಗ ಬಡಿಯುತ್ತಿದೆ, ಅಲ್ಲವೇ? ಓಡುವಾಗ ಕಾಲಿನ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕು. ಅದನ್ನು ಕಳುಹಿಸುವುದು ಹೃದಯ. ಹೃದಯವೂ ಒಂದು ಸ್ನಾಯುವೇ. ದಿನವೂ ಆಡಿದರೆ ಅದು ಬಲವಾಗುತ್ತದೆ. ರಕ್ತದಲ್ಲಿರುವ ಸಕ್ಕರೆಯೂ ಬಳಕೆಯಾಗುತ್ತದೆ. ಸದಾ ಕುಳಿತೇ ಇದ್ದರೆ ಮೈಯಲ್ಲಿ ಕೊಬ್ಬು ಸೇರುತ್ತದೆ. ದೊಡ್ಡವರಾದ ಮೇಲೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಬರಬಹುದು.

ದಕ್ಷಿಣ ಆಫ್ರಿಕದಲ್ಲಿ ಪೋರ್ಟ್ ಎಲಿಜಬೆತ್ ಎಂಬ ಕಡಲತೀರದ ನಗರವಿದೆ. ಅದರ ಇಂದಿನ ಹೆಸರು ಗ್ಕೆಬೆರ್ಹಾ. ಅಲ್ಲಿನ ಬಡವರ ಕೇರಿಗಳಲ್ಲಿ ಮಕ್ಕಳಿಗೆ ಭಯವಿಲ್ಲದೆ ಆಡುವ ಜಾಗ ಕಡಿಮೆ. ಆದ್ದರಿಂದ 2015ರಲ್ಲಿ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಮಕ್ಕಳು ವಾರವಾರವೂ ವ್ಯಾಯಾಮ ಮಾಡಿದರು. ಸಂಗೀತಕ್ಕೆ ಕುಣಿದರು. ಪಾಠದ ನಡುವೆ ಎದ್ದು ಕೈಕಾಲು ಆಡಿಸಿದರು. ಇದರಿಂದ ಅವರ ತೂಕ ಎತ್ತರಕ್ಕೆ ಮೀರಿ ಏರುವುದು ಕಡಿಮೆಯಾಯಿತು. ಓದಿನಲ್ಲಿಯೂ ಅವರು ಹಿಂದೆ ಬೀಳಲಿಲ್ಲ.

ನಿಮ್ಮ ವಯಸ್ಸಿನವರಿಗೆ ದಿನಕ್ಕೆ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುಂಟೆಬಿಲ್ಲೆ, ಲಗೋರಿ, ಕಬಡ್ಡಿ ಯಾವುದಾದರೂ ಸರಿ. ಇವುಗಳಿಗೆ ಹಣ ಬೇಡ, ಗೆಳೆಯರಿದ್ದರೆ ಸಾಕು. ಆಟದ ಅವಧಿಯನ್ನು ಕಳೆದುಕೊಳ್ಳಬೇಡಿರಿ. ಅದು ನಿಮ್ಮ ಹೃದಯದ ಪಾಠ.