ಮೂಗಿನ ರಕ್ತವೂ ಮಾತ್ರೆಯ ಲೆಕ್ಕವೂ

ಮೂಗಿನಲ್ಲಿ ರಕ್ತ ಬಂದರೆ ನೀವೇನು ಮಾಡುತ್ತೀರಿ? ತಲೆಯನ್ನು ಹಿಂದಕ್ಕೆ ವಾಲಿಸಿ, ನೆತ್ತಿಗೆ ತಣ್ಣೀರು ತಟ್ಟಿ, ಮೂಗಿಗೆ ಹತ್ತಿ ತುರುಕುತ್ತೀರಿ, ಅಲ್ಲವೇ? ನಾನೂ ಅದನ್ನೇ ಮಾಡಿದೆ. ನಮ್ಮಮ್ಮ ಮಾಡುತ್ತಿದ್ದುದು ಅದು, ಅವರಮ್ಮ ಮಾಡುತ್ತಿದ್ದುದೂ ಅದೇ. ಬೇಸಿಗೆಯಲ್ಲಿ ಮಕ್ಕಳಿಗೆ ‘ಉಷ್ಣಕ್ಕೆ’ ರಕ್ತ ಬಂದಾಗ ಅಷ್ಟರಲ್ಲೇ ನಿಂತೂ ಹೋಗುತ್ತಿತ್ತು. ಆದರೆ 2023ರ ಏಪ್ರಿಲ್‌ನ ಒಂದು ರಾತ್ರಿ, ಎರಡು ಗಂಟೆಯ ಹೊತ್ತಿಗೆ, ನಮ್ಮ ಯಜಮಾನರ ಮೂಗಿನಿಂದ ಸುರಿಯತೊಡಗಿದ ರಕ್ತ ಮುಕ್ಕಾಲು ಗಂಟೆಯಾದರೂ ನಿಲ್ಲಲಿಲ್ಲ. ತಲೆ ಹಿಂದಕ್ಕೆ ವಾಲಿಸಿದ್ದರಿಂದ ರಕ್ತವೆಲ್ಲ ಗಂಟಲಿಗಿಳಿದು, ಹೊಟ್ಟೆ ಸೇರಿ, ಕೊನೆಗೆ ಕಪ್ಪಗೆ ವಾಂತಿಯಾಯಿತು. ಅದನ್ನು ಕಂಡು ನನ್ನ ಕೈಕಾಲೇ ಬಿದ್ದು ಹೋದವು. ಪಕ್ಕದ ಮನೆಯವರು ಕಾರು ತೆಗೆದರು.

ಇವರಿಗೆ 2016ರಲ್ಲಿ ಹೃದಯದ ಆಪರೇಷನ್ ಆಗಿದೆ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವು, ಜ್ವರ ಎಂದು ನರಳಿದ್ದು ಹೃದಯದ ಕವಾಟವನ್ನು ಕೆಡಿಸಿತ್ತು. ಎಡಗಡೆಯ ಮೈಟ್ರಲ್ ಕವಾಟ ತೆಗೆದು ಲೋಹದ್ದನ್ನು ಕೂರಿಸಿದರು. ರಾತ್ರಿ ಫ್ಯಾನ್ ನಿಂತಾಗ ಅದರ ಟಿಕ್ ಟಿಕ್ ನನಗೆ ಕೇಳಿಸುತ್ತದೆ. ಮೊದಮೊದಲು ನಿದ್ದೆಯೇ ಬರುತ್ತಿರಲಿಲ್ಲ. ಈಗ ಅದು ಕೇಳಿಸದಿದ್ದರೆ ಎಚ್ಚರವಾಗುತ್ತದೆ!

ಲೋಹದ ಕವಾಟಕ್ಕೆ ರಕ್ತ ತಾಗಿದರೆ ಹೆಪ್ಪುಗಟ್ಟುವ ಸ್ವಭಾವ. ಆ ಗಡ್ಡೆ ಕವಾಟವನ್ನೇ ಹಿಡಿದು ನಿಲ್ಲಿಸಬಹುದು; ಇಲ್ಲವೇ ಚೂರಾಗಿ ಮೆದುಳಿಗೆ ಹೋಗಿ ಪಾರ್ಶ್ವವಾಯು ತರಬಹುದು. ಅದಕ್ಕೇ ಬದುಕಿರುವವರೆಗೂ ರಕ್ತ ತೆಳು ಮಾಡುವ ಮಾತ್ರೆ. ನಿಜ ಹೇಳಬೇಕೆಂದರೆ ಅದು ರಕ್ತವನ್ನು ಸಾರಿನಂತೆ ನೀರು ಮಾಡುವುದಿಲ್ಲ, ಹೆಪ್ಪುಗಟ್ಟುವುದನ್ನು ತಡ ಮಾಡುತ್ತದೆ, ಅಷ್ಟೆ. ಎಷ್ಟು ತಡವಾಗುತ್ತಿದೆ ಎಂದು ಅಳೆಯುವ ರಕ್ತಪರೀಕ್ಷೆಗೆ ಐ.ಎನ್.ಆರ್. ಎನ್ನುತ್ತಾರೆ. ಮಾತ್ರೆ ತೆಗೆದುಕೊಳ್ಳದ ನಿಮಗೂ ನನಗೂ ಅದು ಸುಮಾರು 1. ಇವರಿಗೆ ಇರಬೇಕಾದ್ದು 2.5ರಿಂದ 3.5. ಆ ರಾತ್ರಿ ಎಷ್ಟಿತ್ತು ಗೊತ್ತೇ? 6.8!

ಹಲ್ಲು ನೋವಿನಿಂದ ಶುರು

ಏಕೆ ಹಾಗೆ ಏರಿತು? ಹಿಂದಿನ ವಾರ ಇವರಿಗೆ ಹಲ್ಲಿನ ಬುಡ ಬಾತಿತ್ತು. ಡಾಕ್ಟರ ಹತ್ತಿರ ಹೋಗಲು ಬೇಸರಪಟ್ಟುಕೊಂಡು ಔಷಧಿ ಅಂಗಡಿಯಲ್ಲೇ ಕೇಳಿ ಎರಡು ಬಗೆಯ ಮಾತ್ರೆ ತಂದರು. ಒಂದು ಮೆಟ್ರೊನಿಡಜೋಲ್, ಇನ್ನೊಂದು ಡೈಕ್ಲೊಫೆನಾಕ್. ನಾನು ಹೃದಯದ ಮಾತ್ರೆಯನ್ನು ಹೇಳಿದಿರಾ ಎಂದು ಕೇಳಿದೆ. “ಹಲ್ಲಿಗೂ ಹೃದಯಕ್ಕೂ ಏನೇ ಸಂಬಂಧ?” ಎಂದರು. ಸಂಬಂಧ ಇತ್ತು! ಮೆಟ್ರೊನಿಡಜೋಲ್ ರಕ್ತ ತೆಳುವಿನ ಮಾತ್ರೆಯನ್ನು ದೇಹದಲ್ಲಿ ಕರಗಲು ಬಿಡದೆ ಅದರ ಬಲ ಹೆಚ್ಚಿಸುತ್ತದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವವನ್ನು ಇನ್ನೂ ಸುಲಭ ಮಾಡುತ್ತವೆ. ಎರಡೂ ಸೇರಿದರೆ ಕೇಳಬೇಕೇ? ಮೂತ್ರದ ಸೋಂಕಿಗೆ ಕೊಡುವ ಕೆಲವು ಆಂಟಿಬಯಾಟಿಕ್‌ಗಳು, ಬಾಯಿಹುಣ್ಣಿಗೆ ಹಚ್ಚುವ ಮೈಕೊನಜೋಲ್ ಜೆಲ್, ಬೂಸ್ಟಿಗೆ ಕೊಡುವ ಫ್ಲುಕೊನಜೋಲ್ ಕೂಡ ಇದೇ ಸಾಲಿಗೆ ಸೇರಿದವು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರ ತಿರುಗಾಮುರುಗ, ಮಾತ್ರೆಯ ಬಲವನ್ನೇ ಇಳಿಸುತ್ತದೆ. ಸಣ್ಣ ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಒಂದೆರಡು ತೆಗೆದುಕೊಳ್ಳಬಹುದು; ದಿನಗಟ್ಟಲೆ ನುಂಗುವುದಾದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಸೊಂಟಕ್ಕೆ, ತೋಳಿಗೆ ಚುಚ್ಚುವ ಇಂಜೆಕ್ಷನ್ ಹಾಕಿಸುವ ಮುನ್ನವೂ ಹೇಳಿ. ಮಾಂಸಖಂಡದೊಳಗೆ ರಕ್ತ ಕಟ್ಟಿಕೊಳ್ಳುತ್ತದೆ.

ಆಸ್ಪತ್ರೆಯಲ್ಲಿ ಇವರ ಮೂಗಿಗೆ ಬತ್ತಿ ಇಟ್ಟು ರಕ್ತ ನಿಲ್ಲಿಸಿದರು. ಹಲ್ಲಿನ ಮಾತ್ರೆಗಳನ್ನು ಬಿಡಿಸಿದರು. ಎರಡು ದಿನ ರಕ್ತ ತೆಳುವಿನ ಮಾತ್ರೆ ಬೇಡ ಎಂದರು. ಮೂರನೆಯ ದಿನ ಪರೀಕ್ಷೆ ಮಾಡಿದಾಗ 2.9. “ಏರಿಸಿದ್ದು ಆಂಟಿಬಯಾಟಿಕ್. ಅದು ನಿಂತಿದೆ. ಹಳೇ ಡೋಸೇ ಸಾಕು. ಒಂದು ದಿನ 2 ಮಿಲಿಗ್ರಾಂ, ಮಾರನೇ ದಿನ 3. ವಾರ ಬಿಟ್ಟು ಬನ್ನಿ” ಎಂದು ಕಳಿಸಿದರು.

ನಾನು ಮಾಡಿದ ತಪ್ಪು

ಇನ್ನು ಹೇಳುವುದನ್ನು ನಾನು ಬಹಳ ದಿನ ಯಾರಿಗೂ ಹೇಳಿರಲಿಲ್ಲ.

ಮನೆಗೆ ಬಂದ ಸಂಜೆ ಪಕ್ಕದ ಬೀದಿಯ ಪರಿಚಯದವರೊಬ್ಬರು ನೋಡಲು ಬಂದರು. ಮಗ ಫೋನಿನಲ್ಲಿ ಓದಿದನಂತೆ. “ಅಕ್ಕಾ, ನೀವು ಕೊಡ್ತಿರೋದು ಇಲಿ ಪಾಷಾಣವಂತೆ ಕಣ್ರೀ!” ಎಂದರು. ನನ್ನ ಎದೆ ಧಸಕ್ಕೆಂದಿತು. ಬೆಳಿಗ್ಗೆ ನೋಡಿದರೆ ಇವರ ದಿಂಬಿನ ಮೇಲೆ ಕಡಲೆಕಾಳಿನಷ್ಟು ಒಣಗಿದ ರಕ್ತದ ಕಲೆ. ಆ ರಾತ್ರಿಯೇ ನಾನು 3 ಮಿ.ಗ್ರಾಂ. ಬದಲು 1 ಮಿ.ಗ್ರಾಂ. ಮಾತ್ರೆಯೊಂದನ್ನೇ ಕೊಟ್ಟೆ. ಮಾರನೆಯ ದಿನವೂ ಒಂದೇ. ಇವರು ಎಂಟು ಗಂಟೆಯ ವಾರ್ತೆ ನೋಡುತ್ತ, ನನ್ನ ಅಂಗೈಯಿಂದ ತೆಗೆದುಕೊಂಡು, ನೋಡದೆಯೇ ನುಂಗುವವರು. ಹಾಗೆ ಆರು ದಿನ!

ವಾರದ ಪರೀಕ್ಷೆಯಲ್ಲಿ 1.4 ಬಂತು. ಡಾಕ್ಟರು ಹುಬ್ಬು ಗಂಟಿಕ್ಕಿದರು. “ಹಳೇ ಡೋಸು ಸಾಲ್ತಾ ಇಲ್ಲ. ಇನ್ಮೇಲೆ ದಿನಾ 3 ಕೊಡೋಣ” ಎಂದು ಬರೆಯಲು ಪೆನ್ನು ಹಿಡಿದರು. ನಾನು ಸುಮ್ಮನಿದ್ದಿದ್ದರೆ? ಸರಿಯಾಗಿದ್ದ ಡೋಸು ಸುಮ್ಮಸುಮ್ಮನೆ ಏರಿ, ನಾನೂ ಹೆದರಿಕೆ ಬಿಟ್ಟು ಪೂರ್ತಿ ಕೊಟ್ಟು, ಮತ್ತೊಂದು ಅಂಥದೇ ರಾತ್ರಿ ಬರುತ್ತಿತ್ತು. ಇವರ ಮುಂದೆಯೇ ಹೇಳಬೇಕಲ್ಲ ಎಂದು ನಾಲಿಗೆ ಒಣಗಿತು. ಆದರೂ ಹೇಳಿಬಿಟ್ಟೆ.

ಇವರು ನನ್ನ ಕಡೆ ತಿರುಗಿ ನೋಡಿದರು. ಮಾತಾಡಲಿಲ್ಲ. ಡಾಕ್ಟರು ಬೈಯಲಿಲ್ಲ. “ನೋಡಿಮ್ಮಾ, ನೀವು ಕೊಟ್ಟಿದ್ದು ಎಷ್ಟು ಅಂತ ನನಗೆ ಗೊತ್ತಿದ್ರೆ ತಾನೇ ಮುಂದಿನ ಲೆಕ್ಕ? ಕಮ್ಮಿ ಕೊಟ್ಟಿದ್ದಕ್ಕಿಂತ ಹೇಳದೆ ಇರೋದು ದೊಡ್ಡ ಅಪಾಯ” ಎಂದು, ಕವಾಟ ಕಟ್ಟಿಕೊಳ್ಳದಂತೆ ಕೆಲವು ದಿನ ಹೊಟ್ಟೆಯ ಚರ್ಮದಡಿ ಹಾಕುವ ಹೆಪಾರಿನ್ ಇಂಜೆಕ್ಷನ್ ಬರೆದರು. ಡೋಸು ಹಳೆಯದೇ. ಮುಂದಿನ ವಾರ 2.8ಕ್ಕೆ ಬಂತು.

ದಾರಿಯಲ್ಲಿ ಬಸ್ಸಿನಲ್ಲಿ ಇವರು ಅಂದದ್ದು ಒಂದೇ ಮಾತು: “ನನಗೆ ಹೇಳಬಹುದಿತ್ತಲ್ಲೇ.”

ಇಲಿ ಪಾಷಾಣದ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಹಸುವನ್ನೂ ಹೆಪ್ಪುಗಟ್ಟದ ರಕ್ತವನ್ನೂ ಹೊತ್ತು ವಿಶ್ವವಿದ್ಯಾನಿಲಯಕ್ಕೆ ಬಂದ. ಅಲ್ಲಿ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು ಮೇವಿನಲ್ಲಿದ್ದ ವಸ್ತುವನ್ನು ಹಿಡಿದರು. ಅದರಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿಗಳಿಗೆ ಬಂತು, 1954ರಲ್ಲಿ ಮನುಷ್ಯರಿಗೆ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ 1955ರಲ್ಲಿ ಹೃದಯಾಘಾತವಾದಾಗ ಅದನ್ನೇ ಕೊಟ್ಟಿದ್ದರು. ನಮ್ಮವರು ತೆಗೆದುಕೊಳ್ಳುವ ಅಸಿನೊಕೌಮರಾಲ್ ಕೂಡ ಆ ಕುಟುಂಬದ್ದೇ. ಇಲಿಗೆ ಸಾವು, ಇವರಿಗೆ ಉಸಿರು. ಎಲ್ಲ ಅಳತೆಯ ಮಾತು. ಉಪ್ಪಿನ ವಿಷಯ ನಮಗೆ ಗೊತ್ತಿಲ್ಲವೇ?

ಕ್ಯಾಲೆಂಡರಿನ ಪಾಠ

ಒಂದು ದಿನ 2, ಒಂದು ದಿನ 3 ಎಂದರೆ ಬಾಯಿಗೆ ಸುಲಭ, ಮನೆಗೆ ಕಷ್ಟ. ನಾನು ಮೊದಲು ಬೆಸ ತಾರೀಖಿಗೆ 3, ಸರಿ ತಾರೀಖಿಗೆ 2 ಎಂದು ಇಟ್ಟುಕೊಂಡಿದ್ದೆ. 31ರ ಮಾರನೆಯ ದಿನ 1, ಎರಡೂ ಬೆಸ! ಎರಡು ದಿನ ಸಾಲಾಗಿ 3 ಆಗಿಬಿಡುತ್ತಿತ್ತು. ಈಗ ಡಾಕ್ಟರಲ್ಲಿ ಕೇಳಿ ವಾರದ ಲೆಕ್ಕ ಮಾಡಿಸಿಕೊಂಡಿದ್ದೇನೆ. ಸೋಮ, ಬುಧ, ಶುಕ್ರ 3. ಮಿಕ್ಕ ನಾಲ್ಕು ದಿನ 2. ವಾರಕ್ಕೆ 17 ಮಿ.ಗ್ರಾಂ. ಡೋಸು ಬದಲಿಸುವಾಗ ಅವರೂ ವಾರದ ಮೊತ್ತವನ್ನೇ ನೋಡಿ ಸ್ವಲ್ಪ ಏರಿಸುತ್ತಾರೆ, ಇಳಿಸುತ್ತಾರೆ. ಗೋಡೆಯ ಕ್ಯಾಲೆಂಡರಿನ ಮನೆಯಲ್ಲಿ ಅಂಕಿ ಬರೆದಿದ್ದೇನೆ. ನುಂಗಿದ ಮೇಲೆ ಗೀಟು. ಮರೆತೆವೋ ಕೊಟ್ಟೆವೋ ಎಂಬ ಜಗಳವೇ ಇಲ್ಲ.

ಸಂಜೆಯೇ ಏಕೆ ಕೊಡುವುದು ಎಂದರೆ, ಬೆಳಿಗ್ಗೆ ರಕ್ತ ಕೊಟ್ಟು ಮಧ್ಯಾಹ್ನ ಫಲಿತಾಂಶ ಬಂದರೆ ಅಂದಿನ ಮಾತ್ರೆಯನ್ನೇ ಬದಲಿಸಬಹುದು. ಇವತ್ತು ಕೊಟ್ಟ ಮಾತ್ರೆಯ ಪರಿಣಾಮ ಇವತ್ತೇ ಕಾಣುವುದಿಲ್ಲ, ಎರಡು ಮೂರು ದಿನ ಹಿಡಿಯುತ್ತದೆ. ಡೋಸು ಬದಲಾದಾಗಲೆಲ್ಲ ಮತ್ತೆ ಬೇಗ ಪರೀಕ್ಷೆ ಮಾಡಿಸಿ ಎನ್ನುವುದು ಅದಕ್ಕೇ. ಮರೆತರೆ ಅದೇ ರಾತ್ರಿ ನೆನಪಾದಾಗ ಕೊಡಬಹುದು. ಮಾರನೆಯ ದಿನ ನೆನಪಾದರೆ ಹೋದದ್ದು ಹೋಯಿತು. ಎರಡನ್ನೂ ಸೇರಿಸಿ ಕೊಡಲೇಬೇಡಿ. ಬರೆದಿಟ್ಟು ಡಾಕ್ಟರಿಗೆ ಹೇಳಿ.

ಅಡಿಗೆಮನೆಯದೂ ಪಾಲಿದೆ. ಸೊಪ್ಪುಗಳಲ್ಲಿರುವ ವಿಟಮಿನ್ ಕೆ ರಕ್ತ ಹೆಪ್ಪುಗಟ್ಟಲು ಬೇಕು, ಮಾತ್ರೆ ಅದಕ್ಕೇ ಅಡ್ಡ ನಿಲ್ಲುವುದು. ಹಾಗೆಂದು ಕೆಲವರು ಸೊಪ್ಪನ್ನೇ ಬಿಡಿಸುತ್ತಾರೆ, ಪಾಪ! ಬೇಕಿಲ್ಲ. ವಾರವಾರವೂ ಒಂದೇ ಸಮ ತಿಂದರೆ ಸಾಕು, ಮಾತ್ರೆ ಅದಕ್ಕೆ ಹೊಂದಿಕೊಳ್ಳುತ್ತದೆ. ನಮ್ಮಲ್ಲಿ ಮಂಗಳವಾರ, ಶುಕ್ರವಾರ ದಂಟಿನ ಸೊಪ್ಪಿನದೋ ಮೆಂತ್ಯದ್ದೋ ಬಸ್ಸಾರು, ಪಲ್ಯ. ಮಳೆ ಬಿದ್ದು ನುಗ್ಗೆ ಚಿಗುರಿತೆಂದು ವಾರವೆಲ್ಲ ಅದನ್ನೇ ಬಡಿಸುವುದು, ಶ್ರಾವಣ ಬಂತೆಂದು ಉಪವಾಸ ಹಿಡಿಸುವುದು, ಇವೆರಡೂ ಲೆಕ್ಕ ತಪ್ಪಿಸುತ್ತವೆ. ಜ್ವರ, ಭೇದಿ ಬಂದು ಊಟ ಬಿಟ್ಟರೆ ಐ.ಎನ್.ಆರ್. ಏರುವುದುಂಟು. ಒಗ್ಗರಣೆಯ ಬೆಳ್ಳುಳ್ಳಿ, ಸಾರಿನ ಅರಿಸಿನಕ್ಕೆ ಹೆದರಬೇಡಿ. ಬೆಳ್ಳುಳ್ಳಿ ಕ್ಯಾಪ್ಸೂಲು, ಯಾರೋ ಕೊಟ್ಟ ನಾರುಬೇರಿನ ಪುಡಿ ಬೇಡ.

ಮತ್ತೆ ಮೂಗಿಗೆ ಬಂದರೆ

ಮೂಗಿನ ರಕ್ತ ಬಹುಮಟ್ಟಿಗೆ ಬರುವುದು ಮುಂಭಾಗದ ನಡುಗೋಡೆಯಿಂದ. ಅಲ್ಲಿ ಸಣ್ಣ ರಕ್ತನಾಳಗಳ ಬಲೆಯೇ ಇದೆ. ಬೆರಳಿಗೆ ಸಿಗುವ ಜಾಗ, ಅದರಿಂದ ಒತ್ತಿ ಹಿಡಿಯಲೂ ಸಿಗುತ್ತದೆ. ಕೂರಿಸಿ; ಮಲಗಿಸಬೇಡಿ. ತಲೆ ಮುಂದಕ್ಕೆ ಬಾಗಲಿ. ಮೂಗಿನ ಮೂಳೆಯ ಕೆಳಗಿರುವ ಮೆತ್ತನೆಯ ಭಾಗವನ್ನು ಎರಡೂ ಕಡೆಯಿಂದ ಬೆರಳಲ್ಲಿ ಗಟ್ಟಿಯಾಗಿ ಹಿಂಡಿ ಹಿಡಿಯಿರಿ. ಬಾಯಲ್ಲಿ ಉಸಿರಾಡಲಿ, ಬಾಯಿಗೆ ಬಂದ ರಕ್ತವನ್ನು ನುಂಗದೆ ಬಟ್ಟಲಿಗೆ ಉಗುಳಲಿ. ಗಡಿಯಾರ ನೋಡಿ 15 ನಿಮಿಷ. ನಿಂತಿತೇ ಎಂದು ನಡುನಡುವೆ ಬಿಟ್ಟು ನೋಡುವ ಚಪಲ ನಮಗೆಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ಗಳಿಗೆಗೊಮ್ಮೆ ತೆಗೆದರೆ ಇಡ್ಲಿ ಬೆಂದೀತೇ? ನಿಲ್ಲದಿದ್ದರೆ ಮತ್ತೆ 15 ನಿಮಿಷ. ಆಗಲೂ ನಿಲ್ಲದಿದ್ದರೆ ಆಸ್ಪತ್ರೆಗೆ. ರಕ್ತ ಸುರಿಯುತ್ತಿದ್ದರೆ, ತಲೆ ಸುತ್ತಿದರೆ, ಬಿದ್ದು ತಲೆಗೆ ಪೆಟ್ಟಾಗಿ ಬಂದಿದ್ದರೆ ಕಾಯುತ್ತ ಕೂರಬೇಡಿ. ಹತ್ತಿ ತುರುಕಿದರೆ ತೆಗೆಯುವಾಗ ಕಟ್ಟಿದ ಹೆಪ್ಪೂ ಕಿತ್ತು ಬರುತ್ತದೆ. ಗರಿಕೆ ರಸ ಹಿಂಡುವುದು, ಈರುಳ್ಳಿ ಮೂಸಿಸುವುದು ನಮ್ಮ ಕಡೆ ಇದೆ. ನಾನು ಬಿಟ್ಟಿದ್ದೇನೆ.

ನಿಂತ ಮೇಲೆ ಆ ದಿನ ಮೂಗು ಸೀನುವುದು, ಬಗ್ಗಿ ಭಾರ ಎತ್ತುವುದು, ಬಿಸಿಬಿಸಿ ಕಾಫಿ ಬೇಡ. ಒಣಹವೆಯ ದಿನಗಳಲ್ಲಿ ಔಷಧಿ ಅಂಗಡಿಯ ಉಪ್ಪುನೀರಿನ ಹನಿ ಹಾಕಿದರೆ ಒಳಗೆ ಒಡೆಯುವುದಿಲ್ಲ. ಉಗುರು ಕತ್ತರಿಸಿರಬೇಕು. ಬಿ.ಪಿ. ಇದ್ದರೆ ಅದರ ಮಾತ್ರೆ ತಪ್ಪಕೂಡದು.

ಮೂಗಿನ ರಕ್ತ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಹೆದರುತ್ತೇವೆ. ಕಾಣದ್ದನ್ನೂ ನೋಡುತ್ತಿರಬೇಕು. ಡಾಂಬರಿನಂತೆ ಕಪ್ಪು ಮಲ, ಕೆಂಪು ಮೂತ್ರ, ಹಿಂದೆಂದೂ ಇಲ್ಲದಂಥ ತಲೆನೋವು ಬಂದರೆ ಒಡನೆ ಆಸ್ಪತ್ರೆ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಸೋತರೆ, ಕವಾಟದ ಟಿಕ್ ಟಿಕ್ ಮಂಕಾದರೆ ಅದಕ್ಕಿಂತ ಬೇಗ.

ನಿಮ್ಮಲ್ಲೇ ಕೆಲವರು ಈ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಮುಟ್ಟಿನಲ್ಲಿ ಹೆಚ್ಚು ಹೋಗುತ್ತಿದ್ದರೆ ಸಂಕೋಚಪಟ್ಟು ಸಹಿಸಬೇಡಿ, ಹೇಳಿ. ಮಗು ಬೇಕೆನ್ನುವವರು ಗರ್ಭ ನಿಲ್ಲುವ ಮೊದಲೇ ಡಾಕ್ಟರನ್ನು ಕಾಣಬೇಕು. ಈ ಕುಟುಂಬದ ಮಾತ್ರೆ ಮಗುವಿನ ಬೆಳವಣಿಗೆಗೆ ತೊಂದರೆ ಮಾಡಬಲ್ಲದು. ಹಾಗೆಂದು ತಾವಾಗಿ ನಿಲ್ಲಿಸಲೂ ಬಾರದು. ಎದೆಬಡಿತ ಏರುಪೇರಾದವರಿಗೆ, ಕಾಲಿನ ನಾಳದಲ್ಲಿ ಹೆಪ್ಪು ಕಟ್ಟಿದವರಿಗೆ ಈಗ ಐ.ಎನ್.ಆರ್. ನೋಡಬೇಕಿಲ್ಲದ ಹೊಸ ಮಾತ್ರೆಗಳಿವೆ. ನಾನೂ ಆಸೆಯಿಂದ ಕೇಳಿದ್ದೆ. ಲೋಹದ ಕವಾಟದವರಿಗೆ ಅವು ಆಗುವುದಿಲ್ಲವಂತೆ.

ಕಳೆದ ಬೇಸಿಗೆಯಲ್ಲಿ ಇವರಿಗೆ ಮತ್ತೆ ಮೂಗಿನಲ್ಲಿ ರಕ್ತ ಬಂತು. ಕೂತು, ಬಗ್ಗಿ, ತಾವೇ ಹಿಡಿದುಕೊಂಡರು. ನಾನು ಗಡಿಯಾರ ನೋಡಿದೆ. 15 ನಿಮಿಷಕ್ಕೆ ನಿಂತಿತು. ಸಂಜೆಯ ಮಾತ್ರೆ ಕೊಡಲೋ ಬೇಡವೋ ಎಂದು ಈ ಸಲ ನಾನೇ ತೀರ್ಮಾನಿಸಲಿಲ್ಲ, ಡಾಕ್ಟರಿಗೆ ಫೋನು ಮಾಡಿದೆ. “ನಿಂತಿದೆ ತಾನೇ? ತಪ್ಪಿಸಬೇಡಿ. ನಾಳೆ ಪರೀಕ್ಷೆ ಮಾಡಿಸಿ” ಎಂದರು. ಎಂಟು ಗಂಟೆಗೆ ಅಂಗೈ ಚಾಚಿದೆ. ಇವರು ಟಿ.ವಿ.ಯಿಂದ ಕಣ್ಣು ತೆಗೆದು, ಒಂದು ದೊಡ್ಡದು ಒಂದು ಚಿಕ್ಕದು ಎಂದು ಎಣಿಸಿ, “ಇವತ್ತು ಸೋಮವಾರ ಅಲ್ವೇ?” ಎಂದು ಕೇಳಿ ನುಂಗಿದರು.