ಪರದೇಶದ ವಿದ್ಯಾರ್ಥಿಯ ಅನಧ್ಯಾಯ ದಿನಗಳು

ನಮ್ಮ ಪ್ರಾಚೀನ ಪಾಠಶಾಲೆಗಳಲ್ಲಿ ಅನಧ್ಯಾಯವೆಂಬುದೊಂದು ನಿಯಮವಿತ್ತು. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ, ಈ ತಿಥಿಗಳಲ್ಲಿ ಗುರುವು ಪಾಠ ಹೇಳತಕ್ಕದ್ದಲ್ಲ, ಶಿಷ್ಯನು ಓದತಕ್ಕದ್ದಲ್ಲ. ಇದನ್ನು ಸೋಮಾರಿಗಳಿಗೆ ಕೊಟ್ಟ ಅಪ್ಪಣೆಯೆಂದು ಭಾವಿಸಲಾಗದು. ಸುಂದರಕಾಂಡದಲ್ಲಿ ಲಂಕೆಯಿಂದ ಹಿಂದಿರುಗಿದ ಹನುಮಂತನು ಸೀತಾದೇವಿಯ ಕೃಶತೆಯನ್ನು ವರ್ಣಿಸುವಾಗ, ಪಾಡ್ಯದ ದಿನವೂ ಬಿಡದೆ ಓದುವವನ ವಿದ್ಯೆಗೆ ಅದನ್ನು ಹೋಲಿಸುತ್ತಾನೆ. ಕಮಲಾಪುರದವರಾದ ನಮಗೆ ಹನುಮಂತನು ದೂರದವನಲ್ಲ. ಹೊಳೆಯಾಚೆಯ ಅಂಜನಾದ್ರಿಯೇ ಅವನ ಜನ್ಮಸ್ಥಳವೆಂದು ಕೇಳುತ್ತ ಬೆಳೆದವರು ನಾವು. ಆದರೂ ಬಿಡುವಿಲ್ಲದ ವಿದ್ಯೆಯು ಬಡವಾಗುವುದೆಂಬ ಅವನ ಮಾತು ನಮ್ಮ ಮನೆಗಳಲ್ಲಿ ಅಷ್ಟಾಗಿ ನೆಲೆಗೊಂಡಂತೆ ಕಾಣುವುದಿಲ್ಲ.

ಈಚೆಗೆ ನಮ್ಮ ಪ್ರಾಂತದ ಮಕ್ಕಳೂ ವಿದ್ಯಾಭ್ಯಾಸಾರ್ಥವಾಗಿ ಹೊರದೇಶಗಳಿಗೆ ಹೋಗುತ್ತಿರುವರು. ಅಂತಹ ಹುಡುಗನೊಬ್ಬನ ತಂದೆ, ಕಬ್ಬು ಬಾಳೆ ಬೆಳೆಯುವ ಗೃಹಸ್ಥರು, ಒಂದು ದಿನ ನಮ್ಮ ಜಗಲಿಯ ಮೇಲೆ ಕುಳಿತು ಫೋನಿನಲ್ಲಿ ಮಗನ ಚಿತ್ರಗಳನ್ನು ತೋರಿಸಿದರು. “ಮೇಷ್ಟ್ರೇ, ಇಲ್ಲಿ ಬ್ಯಾಂಕಿನವರು ಬಡ್ಡಿ ಎಣಿಸ್ತಿದಾರೆ. ಇವನು ನೋಡಿದರೆ ಶನಿವಾರ ಒಂದೂರು, ಭಾನುವಾರ ಒಂದೂರು. ಓದೋದು ಯಾವಾಗ?” ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಾಗಿದ್ದಿತು. ಹೊಲವನ್ನು ಅಡವಿಟ್ಟವರ ಭಯವನ್ನು ನಕ್ಕು ತಳ್ಳುವುದು ಸಲ್ಲದು. ಆದಕಾರಣ ಆ ಹುಡುಗನ ವಾರವು ಹೇಗೆ ಕಳೆಯುವುದೆಂಬುದನ್ನು ವಾಚಕರ ಮುಂದೆ ಇಡಬೇಕೆಂದು ನಮಗೆ ತೋರಿತು.

ಜರ್ಮನಿ ದೇಶವನ್ನೇ ತೆಗೆದುಕೊಳ್ಳೋಣ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾಶುಲ್ಕವಿಲ್ಲ. ಆದರೆ ಬಾಡೆನ್-ವೂರ್ಟೆಂಬರ್ಗ್ ಪ್ರಾಂತದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರು 2017ರಿಂದ ಪ್ರತಿ ಷಣ್ಮಾಸಕ್ಕೆ 1,500 ಯೂರೋ ಕೊಡಬೇಕಾಗಿದೆ. ಶುಲ್ಕವಿಲ್ಲವೆಂದು ಹಿಗ್ಗುವ ಮೊದಲು ಇನ್ನೊಂದನ್ನು ತಿಳಿಯಬೇಕು. ವೀಸಾ ದೊರೆಯುವುದಕ್ಕೆ ಮುನ್ನವೇ ಒಂದು ವರ್ಷದ ಜೀವನವೆಚ್ಚವನ್ನು ತೋರಿಸಬೇಕು. ಅನೇಕರು ಅದನ್ನು ಅಲ್ಲಿನ ಬ್ಯಾಂಕಿನಲ್ಲಿ ಮುಂಗಡವಾಗಿಯೇ ಇಡುವರು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋಗಳಿಗೆ ಏರಿಸಿದರು. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೆ ಮೀರಿದುದು. ಆ ಹಣವನ್ನು ಒಮ್ಮೆಗೆ ತೆಗೆಯುವಂತಿಲ್ಲ. ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುವುದು. ಕೋಣೆಯ ಬಾಡಿಗೆ, ಆರೋಗ್ಯವಿಮೆ, ಅಕ್ಕಿ, ಬೇಳೆ, ಎಲ್ಲವೂ ಅದರಲ್ಲಿಯೇ. ಸಾಲದಿದ್ದರೆ ದುಡಿಯಬಹುದು, ವರ್ಷಕ್ಕೆ 140 ಪೂರ್ಣದಿನಗಳ ಮಿತಿಯುಂಟು.

ಪಾಠದ ಕ್ರಮವೂ ನಮ್ಮದರಂತಲ್ಲ. ಅನೇಕ ಉಪನ್ಯಾಸಗಳಲ್ಲಿ ಹಾಜರಿ ಕರೆಯುವ ಪದ್ಧತಿಯೇ ಇಲ್ಲ. ಬಂದರೆ ಬಂದ, ಬಿಟ್ಟರೆ ಬಿಟ್ಟ. ಷಣ್ಮಾಸದ ಕೊನೆಯಲ್ಲಿ ಒಂದು ಪರೀಕ್ಷೆ. ಬಹುಮಟ್ಟಿಗೆ ಅದರ ಮೇಲೆಯೇ ತೀರ್ಪು. ನಿಗದಿಯಾದಷ್ಟು ಸಲ ಅದರಲ್ಲಿ ತಪ್ಪಿದವನು ಆ ವ್ಯಾಸಂಗವನ್ನೇ ಕಳೆದುಕೊಳ್ಳುವುದುಂಟು. ಹೇಳುವವರು ಕೇಳುವವರು ಇಲ್ಲದ ಸ್ವಾತಂತ್ರ್ಯವು ಇಪ್ಪತ್ತೆರಡರ ಹುಡುಗನಿಗೆ ಎಷ್ಟು ಭಾರವೆಂಬುದನ್ನು, ನಲವತ್ತು ಹುಡುಗರನ್ನು ಕಣ್ಣೋಟದಿಂದಲೇ ಕೂರಿಸುತ್ತಿದ್ದ ನಮ್ಮಂತಹ ಉಪಾಧ್ಯಾಯರು ಬಲ್ಲೆವು.

ಇನ್ನು ವಾರಾಂತ್ಯ. ಅಲ್ಲಿ ಭಾನುವಾರ ಅಂಗಡಿಗಳು ಕಾನೂನಿನಂತೆ ಮುಚ್ಚಿರುವುವು. ಶನಿವಾರ ಸಂಜೆಯೊಳಗೆ ಹಾಲು ತರಕಾರಿ ತಂದಿಟ್ಟುಕೊಳ್ಳದವನಿಗೆ ಮರುದಿನ ಮನೆಯಿಂದ ಕಟ್ಟಿಕೊಟ್ಟ ಚಟ್ನಿಪುಡಿಯೇ ಗತಿ. ಬಟ್ಟೆ ಒಗೆಯುವುದು, ಕೋಣೆ ಗುಡಿಸುವುದು, ನಾಲ್ವರು ಹಂಚಿಕೊಂಡ ಅಡಿಗೆಮನೆಯಲ್ಲಿ ಸರದಿ ಕಾದು ಅನ್ನ ಬಸಿಯುವುದು, ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತು ಅವನದು. ಹಿಮ ಸುರಿಯುವ ತಿಂಗಳುಗಳಲ್ಲಿ ನಾಲ್ಕೂವರೆ ಗಂಟೆಗೇ ಕತ್ತಲಾಗುವುದು. ನಾಲ್ಕು ಗೋಡೆಗಳ ನಡುವೆ ಒಬ್ಬನೇ ಕುಳಿತರೆ ಮನಸ್ಸು ಏನೇನನ್ನು ಹೆಣೆಯುವುದೋ ಬಲ್ಲವರಾರು! ಹೊರಗೆ ಹೊರಡುವುದು ಆಗ ವಿಲಾಸವಲ್ಲ, ಪಥ್ಯ. ವೆಚ್ಚವೂ ಚಿತ್ರಗಳಲ್ಲಿ ಕಾಣುವಷ್ಟಿಲ್ಲ. 2023ರ ಮೇ ತಿಂಗಳಿಂದ ಆ ದೇಶದಲ್ಲೊಂದು ಮಾಸಿಕ ಟಿಕೆಟ್ಟು ಬಂದಿದೆ. ಮೊದಲು 49 ಯೂರೋ ಇದ್ದುದು 2025ರಲ್ಲಿ 58 ಆಯಿತು; ವಿದ್ಯಾರ್ಥಿಗಳಿಗೆ ಅನೇಕ ಕಡೆ ರಿಯಾಯಿತಿಯೂ ಉಂಟು. ಇದೊಂದಿದ್ದರೆ ವೇಗದ ರೈಲುಗಳನ್ನು ಬಿಟ್ಟು ದೇಶದ ಎಲ್ಲ ನಿಧಾನಗಾಡಿಗಳಲ್ಲೂ, ಊರ ಬಸ್ಸುಗಳಲ್ಲೂ ತಿಂಗಳಿಡೀ ಓಡಾಡಬಹುದು. ಗಡಿಯ ಕೇಲ್ ಎಂಬ ಊರಿನಲ್ಲಿ ಇಳಿದು ರೈನ್ ನದಿಯ ಸೇತುವೆ ದಾಟಿದರೆ ಫ್ರಾನ್ಸಿನ ಸ್ಟ್ರಾಸ್‌ಬುರ್ಗ್. ನಾವು ಹರಿಗೋಲಿನಲ್ಲಿ ಆನೆಗೊಂದಿಗೆ ದಾಟುತ್ತಿದ್ದಂತೆಯೇ ಸರಿ.

ಮೇಲೆ ಹೇಳಿದ ಗೃಹಸ್ಥರ ಫೋನಿನಲ್ಲಿದ್ದ ಒಂದು ಚಿತ್ರ ಹೈಡೆಲ್‌ಬರ್ಗ್ ಕೋಟೆಯದು. ಅದನ್ನು ನೋಡಿ ಅವರು, “ಪಾಳುಬಿದ್ದ ಕೋಟೆ ನೋಡೋಕೆ ಅಷ್ಟು ದೂರ ಹೋಗಬೇಕಿತ್ತೇ? ಮನೆ ಹಿಂದೇನೇ ಇತ್ತಲ್ಲ!” ಎಂದರು. ಮಾತು ಚೆನ್ನಾಗಿಯೇ ಇದೆ. ಆದರೆ ಆ ಊರಿನ ಕಥೆಯನ್ನು ಕೇಳಿದರೆ ಹುಡುಗನು ಅಲ್ಲಿ ಏಕೆ ನಿಂತನೆಂಬುದು ತಿಳಿದೀತು. ಅಲ್ಲಿನ ವಿಶ್ವವಿದ್ಯಾಲಯವು ಸ್ಥಾಪಿತವಾದುದು 1386ರಲ್ಲಿ. ಪ್ರಸಿದ್ಧವಾದ ಲೆಕ್ಕದಂತೆ 1336ರಲ್ಲಿ ಹುಟ್ಟಿದ ನಮ್ಮ ವಿಜಯನಗರಕ್ಕಿಂತ ಐವತ್ತು ವರ್ಷ ಕಿರಿಯದು. ನೆಕ್ಕರ್ ನದಿಯ ಮೇಲಣ ಗುಡ್ಡದ ಕೆಂಪುಕಲ್ಲಿನ ಅರಮನೆಯನ್ನು ಫ್ರೆಂಚರ ಸೈನ್ಯವು 1689ರಲ್ಲಿಯೂ 1693ರಲ್ಲಿಯೂ ಹಾಳುಗೆಡವಿತು. ಮದ್ದಿಟ್ಟು ಸಿಡಿಸಿದ ಒಂದು ಬುರುಜು ಸೀಳಿ, ಅದರ ಅರ್ಧಭಾಗವು ಕಂದಕಕ್ಕೆ ಜಾರಿ, ಇಂದಿಗೂ ಹಾಗೆಯೇ ಬಿದ್ದಿದೆ. 1764ರಲ್ಲಿ ಸಿಡಿಲು ಬಡಿದು ಉಳಿದುದೂ ಬೆಂದಿತು. ಒಂದು ಸೌಧದ ಮುಂಗೋಡೆಯು ಪ್ರತಿಮೆಗಳನ್ನು ಹೊತ್ತು ನಿಂತಿದೆ. ಅದರ ಕಿಟಕಿಗಳಲ್ಲಿ ಕಾಣುವುದು ಬರಿಯ ಆಕಾಶ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ಮತ್ತೆ ಕಟ್ಟಬೇಕೋ ಬಿಡಬೇಕೋ ಎಂದು ಆ ದೇಶದಲ್ಲಿ ದೊಡ್ಡ ವಾದವೇ ನಡೆಯಿತು. ಒಂದು ಸೌಧವನ್ನು ಸರಿಪಡಿಸಿದರು. ಉಳಿದುದನ್ನು ಕಟ್ಟಿದರೆ ಅದು ಹಳೆಯದಾಗದು, ಹಳೆಯದರ ವೇಷವಾದೀತು, ಇದ್ದುದನ್ನು ಇದ್ದಂತೆ ಕಾಪಾಡುವುದೇ ಯುಕ್ತವೆಂದು ಗಿಯೋರ್ಗ್ ಡೇಹಿಯೋ ಮೊದಲಾದ ವಿದ್ವಾಂಸರು ಹಟಹಿಡಿದರು. ಅವರ ಪಕ್ಷವೇ ಗೆದ್ದಿತು. 1565ರ ನಂತರ ಹಾಳಾದ ಪಟ್ಟಣದ ನೆರಳಿನಲ್ಲಿ ಹುಟ್ಟಿದ ಹುಡುಗನಿಗೆ ಇದು ಪರರ ಕಥೆಯಾಗಿ ಕೇಳಿಸುವುದೇ? ಹಂಪೆಯ ಕಂಬವೊಂದನ್ನು ನೆಟ್ಟಗೆ ನಿಲ್ಲಿಸುವಾಗಲೆಲ್ಲ ಇದೇ ಪ್ರಶ್ನೆ ನಮ್ಮಲ್ಲಿಯೂ ಏಳುತ್ತದೆ. ನಮ್ಮ ಓಣಿಯಲ್ಲಿ ಓಡಾಡುತ್ತ ಅವನು ಅದನ್ನು ಕೇಳಿಕೊಂಡಿರಲಾರ. ಪಕ್ಕದ ಮನೆಯ ದೇವರಿಗೆ ಮಹಿಮೆ ಕಡಿಮೆಯಷ್ಟೆ.

ಬಿಡುವಿನ ಹೊತ್ತಿನಿಂದ ಕನ್ನಡಕ್ಕೆ ಬಂದ ಲಾಭವನ್ನೂ ಇಲ್ಲಿ ಸ್ಮರಿಸಬೇಕು. ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ತೆರಳಿ 1938ರಲ್ಲಿ ಮರಳಿದರು. ಆ ವಿಶ್ವವಿದ್ಯಾಲಯದ ಪಾಠದ ಅವಧಿಗಳು ವರ್ಷಕ್ಕೆ ಮೂರು, ಒಂದೊಂದೂ ಎಂಟೇ ವಾರ. ಮಿಕ್ಕ ಕಾಲವು ಸ್ವಂತ ಓದಿಗೂ ಸಂಚಾರಕ್ಕೂ. ಆ ಪ್ರವಾಸದ ಫಲವಾಗಿ “ಸಮುದ್ರದಾಚೆಯಿಂದ” ಎಂಬ ಗ್ರಂಥವೂ “ಸಮುದ್ರಗೀತೆಗಳು” ಎಂಬ ಕವನಸಂಗ್ರಹವೂ ನಮಗೆ ದೊರೆತುವು. ಪದವಿಯಲ್ಲಿಯೂ ಅವರಿಗೆ ಪ್ರಥಮದರ್ಜೆಯೇ ಬಂದಿತು. ಯು. ಆರ್. ಅನಂತಮೂರ್ತಿಯವರು 1963ರಿಂದ 1966ರವರೆಗೆ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಯಲ್ಲಿದ್ದಾಗ, ತಮ್ಮ ಅಧ್ಯಾಪಕ ಮಾಲ್ಕಂ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ “ಸೆವೆಂತ್ ಸೀಲ್” ಚಿತ್ರವನ್ನು ನೋಡಿದರು. ಪ್ಲೇಗಿನ ಕಾಲದ ಆ ಕಥೆಯು ಸ್ವೀಡಿಷ್ ಭಾಷೆಯಲ್ಲಿದ್ದು, ಅನುವಾದದ ಸಾಲುಗಳೂ ಇರಲಿಲ್ಲವಂತೆ. ಅಂದಿನ ಸಂಭಾಷಣೆಯು “ಸಂಸ್ಕಾರ” ಕಾದಂಬರಿಗೆ ಪ್ರೇರಣೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಅದು 1965ರಲ್ಲಿ ಪ್ರಕಟವಾಯಿತು. ಅವರ ಮಹಾಪ್ರಬಂಧವೂ ಮುಗಿದೇ ಮುಗಿಯಿತು.

ಎಲ್ಲ ತಿರುಗಾಟವನ್ನೂ ನಾವು ಹೊಗಳುವವರಲ್ಲ. ಎರಡು ದಿನದಲ್ಲಿ ನಾಲ್ಕು ಪಟ್ಟಣಗಳನ್ನು ಮುಟ್ಟಿ, ಪ್ರತಿಯೊಂದರ ಮುಂದೆಯೂ ತನ್ನ ಮುಖವನ್ನೇ ಚಿತ್ರ ತೆಗೆದುಕೊಂಡು ಬರುವವನು ನೋಡಿದುದು ತನ್ನ ಮುಖವೊಂದನ್ನೇ. ಆ ಗೃಹಸ್ಥರಿಗೆ ನಾವು ಹೇಳಿದುದು ಇಷ್ಟು: “ಯಾಕೆ ಹೋದೆ ಅಂತ ಕೇಳಬೇಡಿ. ಏನು ನೋಡಿದೆ ಅಂತ ಕೇಳಿ, ಎಷ್ಟು ಖರ್ಚಾಯ್ತು ಅಂತಲೂ ಕೇಳಿ. ಎರಡಕ್ಕೂ ಉತ್ತರ ಬಂದರೆ ಹುಡುಗ ಸರಿಯಾಗಿದಾನೆ.” ಎರಡು ವಾರದ ಮೇಲೆ ಅವರಿಗೆ ಆ ಒಡೆದ ಬುರುಜಿನ ಕಥೆಯೂ, ಊಟಕ್ಕೆ ಏಳು ಯೂರೋ ತಗಲಿದ ಲೆಕ್ಕವೂ ಬಂದುವು. ಏಳು ಯೂರೋವನ್ನು ಕುರಿತು ಮಾತ್ರ ಅವರು ಇನ್ನೂ ಒಪ್ಪಿಲ್ಲ.

ಪರದೇಶವೆಂಬುದು ನಿಂತ ನೆಲವನ್ನು ಅವಲಂಬಿಸಿದ ಮಾತು. ನಮ್ಮ ಕಮಲಾಪುರವೇ ಎಷ್ಟೋ ವಿದ್ಯಾರ್ಥಿಗಳಿಗೆ ಪರದೇಶವಾಗಿದ್ದಿತು. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಅವರು ಚಳಿಗಾಲಗಳಲ್ಲಿ ಹಂಪೆಯ ಪಾಳಿನ ನಡುವೆ ಬಿಡಾರ ಹೂಡಿ ಅಳತೆ ನಡೆಸಿದಾಗ, ದೇಶವಿದೇಶಗಳ ತರುಣರು ಅವರೊಡನೆ ದುಡಿದರು. ಕಾರ್ಲಾ ಸಿನೊಪೊಲಿಯವರು ನಾವು ಎಡವಿ ಒದೆಯುವ ಮಡಕೆಯ ಚೂರುಗಳನ್ನು ಕುರಿತು ಪ್ರಬಂಧ ಬರೆದು 1986ರಲ್ಲಿ ಡಾಕ್ಟರ್ ಪದವಿ ಪಡೆದರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ವಿದ್ಯಾರ್ಥಿನಿ ಕ್ಯಾಥಲೀನ್ ಮಾರಿಸನ್ ಅವರ ಕೆಲಸ ಇನ್ನೂ ವಿಚಿತ್ರ. ರಾಯ ಕಾಲುವೆಯಿಂದ ತುಂಬುವ ನಮ್ಮ ಕಮಲಾಪುರದ ಕೆರೆಯ ತಳದಿಂದ ಕೆಸರನ್ನು ಪದರುಪದರಾಗಿ ತೆಗೆದು, ಅದರೊಳಗೆ ಅಡಗಿದ್ದ ಹೂವಿನ ಪರಾಗವನ್ನೂ ಇದ್ದಲಿನ ಕಣಗಳನ್ನೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಶತಮಾನಗಳ ಹಿಂದೆ ಸುತ್ತಲ ನೆಲದಲ್ಲಿ ಏನು ಬೆಳೆದಿತ್ತು, ಅದು ಹೇಗೆ ಬದಲಾಯಿತು ಎಂಬುದನ್ನು ಶೋಧಿಸಿದರು. ಆ ಗ್ರಂಥವು 1995ರಲ್ಲಿ ಅಚ್ಚಾಯಿತು. ಆ ಕೆರೆಯಲ್ಲಿ ಎಮ್ಮೆ ಮೈತೊಳೆಯುತ್ತ ಬೆಳೆದ ನಮ್ಮ ಶಿಷ್ಯರಲ್ಲಿ ಇದನ್ನು ಬಲ್ಲವರು ಇಬ್ಬರೋ ಮೂವರೋ.

ಆದುದರಿಂದ ಹೊರದೇಶಕ್ಕೆ ಹೊರಡಲಿರುವ ಮಕ್ಕಳುಳ್ಳ ಮನೆಯವರಲ್ಲಿ ನಮ್ಮದೊಂದು ವಿಜ್ಞಾಪನೆ. ಪೆಟ್ಟಿಗೆಯನ್ನು ತೂಗುವ ಗಡಿಬಿಡಿಯ ನಡುವೆ ಒಂದು ಮಧ್ಯಾಹ್ನವನ್ನು ಉಳಿಸಿ, ಅವರನ್ನು ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಬನ್ನಿರಿ. ಅದರ ಅಂಗಳದಲ್ಲಿ ಬೆಟ್ಟ, ಹೊಳೆ, ಗುಡಿಗಳ ಸಹಿತವಾಗಿ ವಿಜಯನಗರದ ಸಮಗ್ರ ಪ್ರತಿಕೃತಿಯೊಂದಿದೆ. ಸುತ್ತಲೂ ನಡೆದು ನೋಡಬಹುದು. ಅಲ್ಲಿ ಶುಕ್ರವಾರ ರಜ. ಶನಿವಾರ ಬಾಗಿಲು ತೆರೆದಿರುತ್ತದೆ.